ಜರ್ಮನಿಯ ಭಾವ, ಅಮ್ಮನ ಧಾರಾವಾಹಿ

ಬ್ಲಾಗಿನ ಕಡೆ ತಲೆ ಹಾಕಿ ಎಷ್ಟೋ ತಿಂಗಳಾಯ್ತು. ಕೆಲಸ, ಸೋಮಾರಿತನ, ಮತ್ತೆ ಕೆಲಸ.... ನೆಪಗಳಿಗೇನು ಬರವಿಲ್ಲ ಬಿಡಿ. ಮೊನ್ನೆ ಹೊಳೆನರಸೀಪುರದಿಂದ ಅಮ್ಮನ ಫೋನು. "ಟಿವಿ ಕೆಟ್ಟೋಗದೆ ಕಣಪ್ಪ, ಎರಡು ದಿನ ಆಯ್ತು, ಮನೆ ಬಣಬಣ ಅಂತದೆ" ಅಂದರು. ಭಾನುವಾರ ಹೋಗಿ ರಿಪೇರಿಯವನನ್ನು ಕರೆಸಿದೆ. ಅವನು ಹಿಂದಿನ ಮುಚ್ಚಳ ಬಿಚ್ಚಿ ಧೂಳು ಊದುತ್ತಾ ಕೂತಿದ್ದಾಗ ಅಮ್ಮ ಇದ್ದಕ್ಕಿದ್ದಂತೆ, "ಅಳಿಯಂದ್ರು ಇದೇ ಜಾಗದಲ್ಲಿ ಕೂತ್ಕೊಂಡು ಲೆಕ್ಕ ಬರ್ಕೊತಿದ್ರು, ಅಲ್ವೇನೋ?" ಅಂದರು. ಆವತ್ತಿಂದ ಆ ಕಥೆ ತಲೆಯಿಂದ ಹೋಗುತ್ತಿಲ್ಲ. ಬರೆದು ಬಿಟ್ಟರೆ ಹೋದೀತು ಅಂತ ಕೂತಿದ್ದೇನೆ.

ನಮ್ಮ ಅಕ್ಕನ ಗಂಡ ಜರ್ಮನಿಯವರು. ಸ್ಟುಟ್‌ಗಾರ್ಟ್ ಹತ್ತಿರ ಎಂಜಿನಿಯರ್ ಕೆಲಸ. ಮದುವೆಯಾಗಿ ಏಳು ವರ್ಷದ ಮೇಲೆ, 2022ರ ದೀಪಾವಳಿಗೆ, ಮೊದಲ ಸಲ ಮೂರು ವಾರ ರಜೆ ಹಾಕಿ ಊರಿಗೆ ಬಂದರು. ನಮ್ಮ ಕಡೆ ಅಳಿಯ ಅಂದಮೇಲೆ ನಿಮಗೆ ಗೊತ್ತಲ್ಲ, ನೆಂಟರಿಷ್ಟರೆಲ್ಲ ಸರದಿ ಮೇಲೆ ಊಟಕ್ಕೆ ಕರೆಯಬೇಕು. ಏಳು ವರ್ಷ ಹಳೆಯದಾದರೂ ಇವರು ಹೊಸ ಅಳಿಯನೇ. ಹೊಳೆನರಸೀಪುರದಲ್ಲಿ ಅಮ್ಮನ ಮನೆ, ಅರಕಲಗೂಡು ಕಡೆ ದೊಡ್ಡಮ್ಮನ ಮನೆ, ಚನ್ನರಾಯಪಟ್ಟಣದಲ್ಲಿ ಸೋದರತ್ತೆ, ಹಾಸನದಲ್ಲಿ ನಾನು. ಎಲ್ಲಾ ಕಡೆ ನಾಟಿಕೋಳಿ ಸಾರು, ಮುದ್ದೆ, ಕಜ್ಜಾಯ. ಎಲ್ಲಾ ಕಡೆ ಸಂಜೆ ಆರೂವರೆ ಆಯ್ತೂಂದ್ರೆ ಟಿವಿ. ನಾನು ಭಾಷಾಂತರಕಾರ. ಅಕ್ಕ ಎಲ್ಲಿ ಹೋದರೂ ಹೆಂಗಸರ ಗುಂಪಿನಲ್ಲಿ ಕಳೆದುಹೋಗ್ತಿದ್ದಳಾದ್ದರಿಂದ ಆ ಕೆಲಸ ನನ್ನ ತಲೆಗೆ ಬಿತ್ತು.

ನಿಜ ಹೇಳಬೇಕೆಂದರೆ ನನಗೆ ಧಾರಾವಾಹಿ ಕಂಡರೆ ಆಗುವುದಿಲ್ಲ. 'ಪುಟ್ಟಗೌರಿ ಮದುವೆ'ಯ ಗೌರಿ ಕಾಡಿನಲ್ಲಿ ಹುಲಿ ಹಾವುಗಳ ನಡುವೆ ಬದುಕಿ ಉಳಿದಾಗ, 2018ರಲ್ಲಿ, ಅದರ ಮೇಲೆ ಟ್ರೋಲ್ ಮಾಡಿ ನಕ್ಕವರಲ್ಲಿ ನಾನೂ ಒಬ್ಬ. ಅಪ್ಪ ಹೋದಮೇಲೆ ಅಮ್ಮ ಒಬ್ಬರೇ ಆ ಮನೆಯಲ್ಲಿ. ನಾನು ವಾರಕ್ಕೊಮ್ಮೆ ಹೋದಾಗಲೂ ಅವರು ಟಿವಿ ಮುಂದೆ, ನಾನು ಮೊಬೈಲ್ ಮುಂದೆ. "ಏನಮ್ಮ ಇದು, ಅದೇ ಗೋಳು" ಅಂತ ಒಂದು ಮಾತು ಎಸೆದು ಜಗುಲಿಗೆ ಹೋಗಿ ಕೂರುವುದು ನನ್ನ ಪದ್ಧತಿ. ಹಾಗಾಗಿ ಭಾವ ಬಂದಾಗ ನನಗೆ ಒಳಗೊಳಗೇ ಖುಷಿ. ಒಳ್ಳೊಳ್ಳೆಯದನ್ನು ನೋಡಿ ಬೆಳೆದ ಮನುಷ್ಯ, ಇದನ್ನು ನೋಡಿ ಏನಂತಾರೋ ಅಂತ.

ಮೊದಲ ಸಂಜೆ 'ಪುಟ್ಟಕ್ಕನ ಮಕ್ಕಳು'. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾಗಿದ್ದು, ಉಮಾಶ್ರೀಯವರದ್ದು. ಭಾವ ಒಂದು ಸಣ್ಣ ನೋಟ್ ಪುಸ್ತಕ ತಂದುಕೊಂಡು ಅಮ್ಮನ ಪಕ್ಕ ಕೂತರು. ಒಂದು ಮಾತು ಬಿದ್ದರೆ ಎಷ್ಟು ಮುಖ ತೋರಿಸ್ತಾರೆ ಅಂತ ಗೀಟು ಹಾಕಿಕೊಳ್ಳತೊಡಗಿದರು. ಹನ್ನೊಂದು! ಜೊತೆಗೆ ಸಿಡಿಲು ಬಡಿದಂಥ ಸದ್ದು. ಆಮೇಲೆ ಅವರ ಪ್ರಶ್ನೆಗಳು ಶುರು. ಹೆಂಗಸರು ಮಲಗುವಾಗಲೂ ರೇಷ್ಮೆ ಸೀರೆ ಯಾಕೆ? ಗುಟ್ಟು ಮಾತಾಡುವವರು ಯಾಕೆ ಬಾಗಿಲು ಹಾಕಿಕೊಳ್ಳುವುದಿಲ್ಲ? ಕಂಬದ ಹಿಂದೆ ಯಾವಾಗಲೂ ಯಾರೋ ನಿಂತಿರ್ತಾರಲ್ಲ, ಅವರಿಗೆ ಬೇರೆ ಕೆಲಸ ಇಲ್ಲವಾ? "ನಮ್ಮ ಮನೆಗಳಲ್ಲಿ ಕಂಬ ಇಲ್ಲ, ಅದಕ್ಕೇ ನಮ್ಮಲ್ಲಿ ಗುಟ್ಟು ಉಳಿಯುತ್ತೆ" ಅಂದರು. ನಾನು ಬಿದ್ದೂ ಬಿದ್ದೂ ನಕ್ಕೆ. ಅಮ್ಮನಿಗೆ ಹೇಳಿದೆ. ಅಮ್ಮ ನಗಲಿಲ್ಲ. "ಮೆಸ್ಸು ಹೆಂಗೆ ಅಂತ ಕೇಳು" ಅಂದರು.

ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವವಳು. ಗಂಡುಮಗು ಬೇಕು ಅಂತ ಗಂಡ ಇನ್ನೊಬ್ಬಳ ಕಡೆ ಹೋಗಿದ್ದಾನೆ. ಭಾವನಿಗೆ ಮೆಸ್ಸು ಹಿಡಿಸಿತ್ತು. ಬೇರೆ ಧಾರಾವಾಹಿಗಳಲ್ಲಿ ಬಂಗಲೆಯ ಜನ ಮೆಟ್ಟಿಲ ಮೇಲೆ ನಿಂತು ಮಾತಾಡ್ತಾರೆ, ಇಲ್ಲಿ ಕೆಲಸ ಮಾಡ್ತಾ ಮಾತಾಡ್ತಾರೆ ಅಂದರು. ಇದು ತೆಲುಗಿನ 'ರಾಧಮ್ಮ ಕೂತುರು' ಅನ್ನೋದರ ರೀಮೇಕು, ನಮ್ಮ ಅರ್ಧ ಧಾರಾವಾಹಿಗಳ ಹಣೆಬರಹ ಇದೇ, ಅಂತ ನಾನು ಬಾಯಿ ಹಾಕಿದೆ. ಅದಕ್ಕವರು, ಜರ್ಮನಿಯಲ್ಲಿ 1992ರಿಂದ ಬರುತ್ತಿರುವ ಒಂದು ದಿನನಿತ್ಯದ ಧಾರಾವಾಹಿ ಇದೆ, ಅದರ ಮೊದಲ ಕಥೆಯೇ ಆಸ್ಟ್ರೇಲಿಯಾದ್ದು. ಕೊಲಂಬಿಯಾದ 'ಬೆಟ್ಟಿ' ಕಥೆಯನ್ನೂ 2005ರಲ್ಲಿ ಬರ್ಲಿನ್ನಿಗೆ ತಂದು ಕೂರಿಸಿದರು ಅಂದರು. ಅದೇ ಬೆಟ್ಟಿ 2003ರಲ್ಲೇ ಹಿಂದಿಯಲ್ಲಿ ಜಸ್ಸಿಯಾಗಿ ನಮ್ಮ ಮನೆಗೂ ಬಂದಿದ್ದಳು. ನನ್ನ ಬಾಯಿ ಮುಚ್ಚಿತು.

ಮಾತು ದುಡ್ಡಿಗೆ ಬಂತು. ಅಲ್ಲಿ ಟಿವಿ ನೋಡಲಿ ಬಿಡಲಿ, ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಕಟ್ಟಬೇಕಂತೆ. ನಮ್ಮ ಲೆಕ್ಕದಲ್ಲಿ ಆಗ ಸುಮಾರು 1500 ರೂಪಾಯಿ. ಸರ್ಕಾರಕ್ಕೂ ಜಾಹೀರಾತಿಗೂ ಹಂಗಾಗದೆ ನಡೆಯಲಿ ಅಂತ. ಅಮ್ಮನಿಗೆ ಇದು ಅನ್ಯಾಯ ಅನ್ನಿಸಿತು. "ನೋಡ್ದೇ ಇದ್ರೂ ಕೊಡಬೇಕಾ!" ಅಂತ ಕೆನ್ನೆ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನೆನಪಾಗಿ, "ನಮ್ಮಲ್ಲೂ ಇತ್ತು ಕಣೋ. ರೇಡಿಯೋಗೆ ಲೈಸೆನ್ಸು. ನಿಮ್ಮ ತಾತ ಪೋಸ್ಟಾಫೀಸಿಗೆ ಹೋಗಿ ಕಟ್ಟಿ ಬರೋರು, ಸಣ್ಣ ಪುಸ್ತಕ ಇತ್ತು" ಅಂದರು. ಹೌದಲ್ಲ! 1980ರ ದಶಕದಲ್ಲಿ ಅದು ರದ್ದಾಗುವವರೆಗೂ ರೇಡಿಯೋ ಕೇಳುವುದಕ್ಕೆ ಲೈಸೆನ್ಸ್ ಬೇಕಿತ್ತು. ನಾನು ಕೇಳಿಯೇ ಇರಲಿಲ್ಲ.

ಮಾರನೇ ದಿನ ಅರಕಲಗೂಡು. ಭಾವನ ಅಭಿಪ್ರಾಯ ತಿರುಗಿದ್ದು ಅಲ್ಲಿ. ದೊಡ್ಡಮ್ಮನ ಮನೆ ಊರಿನಿಂದ ಸ್ವಲ್ಪ ಒಳಗೆ. ಅವರದ್ದು ಹೊಗೆಸೊಪ್ಪು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಕಾಲ ಅದು. ಬ್ಯಾರನ್ನಿನಲ್ಲಿ ಬೇಯಿಸಿದ ಎಲೆಗಳನ್ನು ಬಣ್ಣ ನೋಡಿ ವಿಂಗಡಿಸಬೇಕು. ನಡುಮನೆ ತುಂಬ ಸೊಪ್ಪಿನ ಘಾಟು. ದೊಡ್ಡಮ್ಮ, ಸೊಸೆ, ಪಕ್ಕದ ಮನೆಯ ಇಬ್ಬರು ಕಾಲು ಚಾಚಿ ಕೂತು ಎಲೆ ವಿಂಗಡಿಸುತ್ತಿದ್ದಾರೆ. ಟಿವಿಯಲ್ಲಿ 'ಗಟ್ಟಿಮೇಳ'. ಭಾವ ಬಹಳ ಹೊತ್ತು ಟಿವಿ ನೋಡಲಿಲ್ಲ, ಇವರನ್ನೇ ನೋಡಿದರು. ಆಮೇಲೆ ನನ್ನ ಭುಜ ತಟ್ಟಿ, "ನೋಡು, ಯಾರೂ ತಲೆ ಎತ್ತುತ್ತಾ ಇಲ್ಲ" ಅಂದರು.

ನಿಜ. ಕಣ್ಣು ಎಲೆ ಮೇಲೆ, ಕಿವಿ ಟಿವಿ ಮೇಲೆ. ಸಿಡಿಲಿನ ಸದ್ದು ಬಂದಾಗ ಮಾತ್ರ ನಾಲ್ಕೂ ತಲೆ ಒಟ್ಟಿಗೆ ಮೇಲೆದ್ದವು. ಹನ್ನೊಂದು ಮುಖಗಳೂ ಸರದಿಯಲ್ಲಿ ಬಂದವು. "ಓ, ಇವಳೂ ಇದ್ಲಾ ಅಲ್ಲಿ" ಅಂದರು ದೊಡ್ಡಮ್ಮ. ತಲೆಗಳು ಮತ್ತೆ ಕೆಳಗೆ. ಭಾವ ನೋಟ್ ಪುಸ್ತಕ ತೆಗೆದು ಮೊದಲ ದಿನದ ಗೀಟುಗಳನ್ನೆಲ್ಲ ಅಡ್ಡ ಗೆರೆ ಎಳೆದು ಹೊಡೆದುಹಾಕಿದರು. ಸದ್ದು ಕರೆಯುವುದಕ್ಕೆ, ಮುಖಗಳು ಕೈಕೆಲಸ ಬಿಟ್ಟು ತಲೆ ಎತ್ತಿದವರಿಗೆ ಯಾರು ಯಾರಿದ್ದಾರೆ ಅಂತ ಹಾಜರಿ ಹೇಳುವುದಕ್ಕೆ, ಅದೇ ಮಾತು ಮೂರು ಸಲ ಬರುವುದು ಒಲೆ ಮುಂದೆ ಹೋಗಿ ಬಂದವರಿಗೆ. ಇದು ಚಿತ್ರ ಇರುವ ರೇಡಿಯೋ, ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ನೋಡಿ ಬಯ್ಯುವುದು ತಪ್ಪು, ಇದು ಅವರ ತೀರ್ಪು. ಪೂರ್ತಿ ಒಪ್ಪುತ್ತೇನೆ ಅಂತಲ್ಲ. ರೇಷ್ಮೆ ಸೀರೆಗೂ ಕಂಬಕ್ಕೂ ಇದರಲ್ಲಿ ಉತ್ತರ ಇಲ್ಲ. ಆದರೆ ಇಷ್ಟು ವರ್ಷ ಆ ನಡುಮನೆಯಲ್ಲಿ ಕೂತು ಉಂಡು ಎದ್ದ ನನಗೆ ಇದು ಕಾಣದೇ ಹೋಯಿತಲ್ಲ ಅಂತ ಸ್ವಲ್ಪ ಇರುಸುಮುರುಸಾಯಿತು.

ಚನ್ನರಾಯಪಟ್ಟಣದ್ದು ಹೆಚ್ಚು ಹೇಳುವಂಥದ್ದಿಲ್ಲ. ಎಳನೀರು ಕುಡಿದು ಕುಡಿದು ಭಾವನ ಹೊಟ್ಟೆ ಕೆಟ್ಟಿತು. ಸೋದರತ್ತೆ 'ಕನ್ನಡತಿ' ಭಕ್ತೆ. ನಾಯಕಿ ಕನ್ನಡದ ಮೇಷ್ಟ್ರು, ಕಂತಿನ ಕೊನೆಗೆ ಒಂದೊಂದು ಕನ್ನಡ ಪದದ ಸರಿ ತಪ್ಪು ಹೇಳಿಕೊಡುತ್ತಿದ್ದಳಲ್ಲ, ಅದನ್ನು ಭಾವ ಶ್ರದ್ಧೆಯಿಂದ ಬರೆದುಕೊಂಡರು. ಅತ್ತೆ-ಸೊಸೆ ಅಂದರೆ ಕಚ್ಚಾಟವೇ ಅನ್ನುವ ಕಾಲದಲ್ಲಿ ಅದರಲ್ಲಿ ರತ್ನಮಾಲಾ ಅಂತ ಒಬ್ಬ ಒಳ್ಳೆಯ ಹಿರಿಯಾಕೆ ಇದ್ದಳು, ಸೋದರತ್ತೆ ಅವಳ ಹಾಗೇ ಕಾಟನ್ ಸೀರೆ ಉಡಲು ಶುರು ಮಾಡಿದ್ದಾರೆ ಅಂತ ಅವರ ಸೊಸೆ ಪಿಸುಗುಟ್ಟಿದಳು :) ರಾತ್ರಿ ಊಟಕ್ಕೆ ಕೂತಾಗ ಡಬ್ಬಿಂಗ್ ಮಾತು ಬಂತು. ಜರ್ಮನಿಯಲ್ಲಿ ಎಲ್ಲವೂ ಡಬ್ಬಿಂಗ್, ಹಾಲಿವುಡ್ ನಟರ ನಿಜವಾದ ದನಿ ಹೇಗಿದೆ ಅಂತ ತಮಗೆ ಗೊತ್ತಾಗಿದ್ದೇ ಕಾಲೇಜಿಗೆ ಬಂದಮೇಲೆ ಅಂದರು. ನಮ್ಮಲ್ಲಿ ಅದು ಬೇಡ ಅಂತ ದಶಕಗಟ್ಟಲೆ ಹೋರಾಟ ನಡೆದದ್ದು, 2012ರಲ್ಲಿ 'ಸತ್ಯಮೇವ ಜಯತೇ' ಕೂಡ ಕನ್ನಡಕ್ಕೆ ಬರದೇ ಹೋದದ್ದು, 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು, ಕೊನೆಗೆ 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತು ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲೇ ಬಂದದ್ದು.... ಎಲ್ಲಾ ವಿವರಿಸಿದೆ. ಹಿಂದೆ ಬ್ಲಾಗುಗಳಲ್ಲಿ ಈ ವಿಷಯಕ್ಕೆ ನಾವು ನಾವೇ ಎಷ್ಟು ಕಿತ್ತಾಡಿದ್ದೇವೆ, ಹಳಬರಿಗೆ ನೆನಪಿರಬಹುದು. ನಾನು ಡಬ್ಬಿಂಗ್ ವಿರೋಧಿಯಾಗಿದ್ದೆ. ಅಮ್ಮ ಆ ಮಹಾಭಾರತವನ್ನು ಒಂದು ದಿನ ಬಿಡದೆ ನೋಡಿದರು. "ತುಟಿ ಕೂಡಲ್ಲ ಅಮ್ಮ" ಅಂದಿದ್ದಕ್ಕೆ, "ಕೃಷ್ಣ ಯಾವ ಭಾಷೇಲಿ ಮಾತಾಡ್ದ ಅಂತ ನೀನು ನೋಡಿದ್ಯಾ?" ಅಂದಿದ್ದರು.

ಭಾವನಿಗೆ ಇನ್ನೊಂದು ಕೊರಗು. ಅವರಲ್ಲಿ 'ಟಾಟೋರ್ಟ್' ಅಂತ ಪತ್ತೇದಾರಿ ಸರಣಿ 1970ರಿಂದ ಭಾನುವಾರ ರಾತ್ರಿ ಬರುತ್ತದಂತೆ. ಒಂದೊಂದು ವಾರ ಒಂದೊಂದು ಊರು, ಆ ಊರಿಗೆ ಅದರದ್ದೇ ಪೊಲೀಸರು, ಅದರದ್ದೇ ಬೀದಿಗಳು. "ನಿಮ್ಮ ಹಾಸನದ ಧಾರಾವಾಹಿ ಯಾವುದು?" ಅಂತ ಕೇಳಿದರು. ಉತ್ತರ ಇಲ್ಲ. ಪುಟ್ಟಕ್ಕನಲ್ಲಿ ಮಂಡ್ಯ ಸೀಮೆಯ ಮಾತು ಬಂತು, 'ಕನ್ನಡತಿ'ಯಲ್ಲಿ ಮಲೆನಾಡು ಇಣುಕಿತು, 'ಮಾಲ್ಗುಡಿ ಡೇಸ್' ಕಾಲಕ್ಕೇ ಶಂಕರ್‌ನಾಗ್ ಆಗುಂಬೆಯನ್ನು ದೇಶಕ್ಕೆಲ್ಲ ತೋರಿಸಿದರು. "ಬತ್ತೀನಿ, ಹೋಯ್ತೀನಿ, ಮಾಡ್ತಾವ್ರೆ" ಅನ್ನುವ ನಮ್ಮ ಮಾತು ಬಂದರೆ ಅದು ಮನೆಗೆಲಸದವರ ಬಾಯಲ್ಲೋ ರೌಡಿಯ ಬಾಯಲ್ಲೋ. ಬಂಗಲೆಯ ಮಾಲೀಕ ಹಾಗೆ ಮಾತಾಡಿದ್ದನ್ನು ನಾನಂತೂ ನೋಡಿಲ್ಲ.

ತಮಾಷೆಯೆಂದರೆ ದೇಶದ ಟಿವಿಗೆ ದಾರಿ ಮಾಡಿದ್ದರಲ್ಲಿ ಹಾಸನದ್ದೇ ದೊಡ್ಡ ಪಾಲು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆಯಲ್ಲ, ಆಕಾಶಕ್ಕೆ ಮುಖ ಮಾಡಿದ ದೊಡ್ಡ ದೊಡ್ಡ ಬಟ್ಟಲುಗಳು, ಅದರ ಮುಂದೆ ಕಾರು ನಿಲ್ಲಿಸಿ ಭಾವನಿಗೆ ತೋರಿಸಿದೆ. 1983ರಲ್ಲಿ ಇನ್ಸಾಟ್-1ಬಿ ಮೇಲೆ ಹೋದಮೇಲೆ ಅದನ್ನು ಇಲ್ಲಿಂದಲೇ ನೋಡಿಕೊಂಡದ್ದು. ದೂರದರ್ಶನ ಊರೂರಿಗೂ ಹಬ್ಬಿದ್ದು ಅದರಿಂದಲೇ. ಎಂಜಿನಿಯರ್ ಮನುಷ್ಯ, ಬಹಳ ಹೊತ್ತು ನಿಂತು ನೋಡಿದರು. ಉಪಗ್ರಹ ಕಾಯುವುದು ನಾವು, ಕಥೆ ಮಾತ್ರ ಬೇರೆ ಊರಿನದ್ದು!

ಅಲ್ಲಿಂದ ಹಾಸನಾಂಬೆಯ ದರ್ಶನಕ್ಕೆ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವೇ ದಿನ ಬಾಗಿಲು ತೆಗೆಯುವ ಗುಡಿ. ಆ ವರ್ಷ ದೀಪಾವಳಿಯ ನಡುವೆಯೇ ಸೂರ್ಯಗ್ರಹಣ ಬೇರೆ, ಅಕ್ಟೋಬರ್ 25ಕ್ಕೆ. ಎಲ್ಲಾ ಚಾನೆಲ್ಲುಗಳಲ್ಲೂ ಜ್ಯೋತಿಷಿಗಳೇ. ಅದು ಧಾರಾವಾಹಿಗಿಂತ ದೊಡ್ಡ ನಾಟಕ ಅನ್ನಿ. ಕ್ಯೂನಲ್ಲಿ ನಿಂತಾಗ ಭಾವನಿಗೆ ಸೊಸೆ ಕಲ್ಲಿನ ಕಥೆ ಹೇಳಿದೆ. ಒಬ್ಬ ಸೊಸೆ ದಿನಾ ಹಾಸನಾಂಬೆಯ ದರ್ಶನಕ್ಕೆ ಬರುತ್ತಿದ್ದಳಂತೆ. ಮನೆಗೆಲಸ ಬಿಟ್ಟು ಇಲ್ಲಿ ಬಂದು ಕೂತಿದ್ದೀಯಾ ಅಂತ ಅತ್ತೆ ಬಂದು ಬಟ್ಟಲಿನಿಂದ ತಲೆಗೆ ಕುಟ್ಟಿದಳಂತೆ. ನೋವಿಗೆ ಅಮ್ಮಾ ಅಂದ ಸೊಸೆಯನ್ನು ದೇವಿ ತನ್ನ ಹತ್ತಿರವೇ ಕಲ್ಲಾಗಿ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೊಂದು ಭತ್ತದ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತ ನಂಬಿಕೆ. ಭಾವ ಯೋಚಿಸಿ ಹೇಳಿದರು: "ವರ್ಷಕ್ಕೊಂದು ಕಾಳು. ಅತ್ತೆ ನೋಡುವ ಧಾರಾವಾಹಿಯೂ ಇದೇ ವೇಗ." ಹಿಂದೆ ನಿಂತಿದ್ದ ಹೆಂಗಸೊಬ್ಬರಿಗೆ ಇಂಗ್ಲಿಷ್ ಬರುತ್ತಿತ್ತೇನೋ, ಸೆರಗು ಬಾಯಿಗಿಟ್ಟು ನಕ್ಕರು.

ಹೊರಡುವ ಹಿಂದಿನ ಸಂಜೆ ಮತ್ತೆ ಹೊಳೆನರಸೀಪುರ. ಅಕ್ಕ ಒಳಗಿನ ಕೋಣೆಯಲ್ಲಿ ಸೂಟ್‌ಕೇಸ್ ತುಂಬುತ್ತಿದ್ದಳು. ಚಟ್ನಿಪುಡಿ ಯಾವುದರಲ್ಲಿ, ಉಪ್ಪಿನಕಾಯಿ ಯಾವುದರಲ್ಲಿ ಅಂತ ಅವಳ ಗಲಾಟೆ. ನಾವು ಮೂವರು ಟಿವಿ ಮುಂದೆ. ಯಾವ ಧಾರಾವಾಹಿಯೋ ಈಗ ನೆನಪಿಲ್ಲ, ಸೊಸೆ ಮಳೆಯಲ್ಲಿ ಬ್ಯಾಗು ಹಿಡಿದು ಮನೆ ಬಿಟ್ಟು ಹೊರಟಿದ್ದಳು. ಗೇಟಿನ ತನಕ ಹೋದಳು, ನಿಂತಳು, ತಿರುಗಿದಳು, ಅತ್ತೆಯ ಮುಖ, ಸಿಡಿಲು, ಜಾಹೀರಾತು. ಭಾವ ಕೈ ಚೆಲ್ಲಿದರು. ಇದು ಮಾತ್ರ ನನಗೆ ಅರ್ಥ ಆಗುವುದಿಲ್ಲ, ನಮ್ಮಲ್ಲಾದರೆ ಅವಳು ಮೊದಲ ಕಂತಿನಲ್ಲೇ ಹೊರಟುಹೋಗುತ್ತಾಳೆ, ಕಥೆ ಆಮೇಲೆ ಶುರುವಾಗುತ್ತದೆ, ಇಲ್ಲಿ ಯಾಕೆ ಯಾರೂ ಹೋಗುವುದೇ ಇಲ್ಲ, ಅಂತ. ನಾನು ನಗುತ್ತಾ ಅಮ್ಮನಿಗೆ ಹೇಳಿದೆ.

ಅಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಸೋಪಿನ ಜಾಹೀರಾತು ಬರುತ್ತಿತ್ತು. "ಹೋಗಿದ್ದೆ ಅನ್ನು ಅವರಿಗೆ. ನಾನೂ ಹೋಗಿದ್ದೆ ಒಂದ್ಸಲ. ಬಸ್‌ಸ್ಟ್ಯಾಂಡ್ ತನಕ" ಅಂದರು.

ಅಜ್ಜಿ ಗಟ್ಟಿಗಿತ್ತಿ ಅಂತ ನನಗೆ ಗೊತ್ತಿತ್ತು. ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಕಾಫಿಪುಡಿಯನ್ನೂ ಅಳೆದು ಕೊಡುತ್ತಿದ್ದವರು. 1986ರ ಗೌರಿ ಹಬ್ಬಕ್ಕೆ ಮಾವ ಅರಕಲಗೂಡಿನಿಂದ ಬಾಗಿನ ತಂದಿದ್ದರಂತೆ. ಸೀರೆ ನೋಡಿ ಅಜ್ಜಿ ಏನೋ ಒಂದು ಮಾತು ಅಂದರು. ಮಾವ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಮಾರನೇ ಬೆಳಿಗ್ಗೆ ಅಮ್ಮ ಎರಡು ವರ್ಷದ ಅಕ್ಕನನ್ನು ಸೊಂಟಕ್ಕೆ ಎತ್ತಿಕೊಂಡು, ಕೈಯಲ್ಲಿ ಒಂದು ಚೀಲ ಹಿಡಿದು, ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ಹೋದರು. ಅರಕಲಗೂಡು ಬಸ್ಸು ಬಂತು. ಕಂಡಕ್ಟರು ತವರಿನ ಕಡೆಯವನು. "ಏನವ್ವಾ, ಹಬ್ಬಕ್ಕಾ? ಯಜಮಾನ್ರು ಬರ್ಲಿಲ್ವಾ?" ಅಂದನಂತೆ. ಅಷ್ಟೇ. ಅಮ್ಮನಿಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. "ಇಲ್ಲ ಕಣಪ್ಪ, ಮನೆಗೆ ಒಂದು ಮಾತು ಹೇಳಿ ಕಳಿಸೋಣ ಅಂತ ಬಂದೆ" ಅಂದುಬಿಟ್ಟರು. ಬಸ್ಸು ಹೋಯಿತು. ವಾಪಸು ಬಂದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಬಯ್ಯಲಿಲ್ಲ. ಮಗೂನ ಈಸಿಕೊಂಡು, "ಹಾಲು ಕಾಸಿಟ್ಟಿದೀನಿ" ಅಂದರು. ಸಾಯುವವರೆಗೆ ಇಬ್ಬರೂ ಆ ದಿನದ ಮಾತೆತ್ತಲಿಲ್ಲ. ಕೊನೆಯ ಎರಡು ವರ್ಷ ಅಜ್ಜಿಯ ಹಾಸಿಗೆ ಬಟ್ಟೆ ಒಗೆದವರೂ ಅಮ್ಮನೇ.

ಇದನ್ನೆಲ್ಲ ನಾನು ತುಂಡು ತುಂಡಾಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. "ನಾನು ಬಸ್‌ಸ್ಟ್ಯಾಂಡಿಗೆ ಹೋದೆ", "ನನಗೆ ಉತ್ತರ ಹೊಳೆಯಲಿಲ್ಲ" ಅಂತ, ಅಮ್ಮನ 'ನಾನು'ವನ್ನು ನನ್ನ ಬಾಯಲ್ಲಿ. ಕೇಳುತ್ತಿದ್ದುದೂ ಅದೇ ಮೊದಲ ಸಲ. ಭಾವ ನೋಟ್ ಪುಸ್ತಕ ಮುಚ್ಚಿ ಇಟ್ಟಿದ್ದರು.

ಆಮೇಲೆ ಅಮ್ಮ ಇನ್ನೊಂದು ಮಾತು ಅಂದರು, ಅದೇ ದನಿಯಲ್ಲಿ. "ಆಗ ಹೊಟ್ಟೇಲಿ ಇವನು ಎರಡು ತಿಂಗಳು. ಅಲ್ಲಿಗೆ ಹೋಗಿ ತೆಗೆಸ್ಕೊಂಡುಬಿಡೋಣ ಅಂತಾನೇ ಹೊರಟಿದ್ದು. ಎರಡನೇದು ಆದ್ಮೇಲೆ ಮತ್ತೆಲ್ಲಿಗೂ ಹೋಗಕ್ಕಾಗಲ್ಲ ಅಂತ ಗೊತ್ತಿತ್ತಲ್ಲ."

ಜಾಹೀರಾತು ಮುಗಿದು ಸೊಸೆ ಇನ್ನೂ ಗೇಟಿನ ಹತ್ತಿರವೇ ನಿಂತಿದ್ದಳು. ಭಾವ ನನ್ನ ಮುಖ ನೋಡಿದರು, ಅತ್ತೆ ಏನಂದ್ರು ಅಂತ.

"ಬಸ್ಸು ತುಂಬಾ ರಶ್ ಇತ್ತಂತೆ" ಅಂದೆ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ 'ರಶ್' ಅನ್ನೋ ಪದ ಯಾರಿಗೆ ಗೊತ್ತಿಲ್ಲ? ಒಂದು ಸಲ ನನ್ನ ಕಡೆ ತಿರುಗಿ ನೋಡಿ ಮತ್ತೆ ಟಿವಿ ಕಡೆ ತಿರುಗಿಕೊಂಡರು. ಆವತ್ತು ನಾನು ಜಗುಲಿಗೆ ಎದ್ದು ಹೋಗಲಿಲ್ಲ, ಆ ಕಂತು ಮುಗಿಯುವ ತನಕ ಕೂತೆ. ಭಾವ ತಮ್ಮ ಅಜ್ಜಿಯ ವಿಷಯ ಹೇಳಿದರು. ಅಲ್ಲಿ 'ಲಿಂಡನ್‌ಸ್ಟ್ರಾಸೆ' ಅಂತ ಒಂದು ಧಾರಾವಾಹಿ 1985ರ ಡಿಸೆಂಬರಿನಿಂದ 2020ರ ಮಾರ್ಚ್‌ವರೆಗೆ, ಮೂವತ್ತನಾಲ್ಕು ವರ್ಷ, ಭಾನುವಾರ ಭಾನುವಾರ ಬಂತಂತೆ. ಒಂದು ಬೀದಿ, ಅಲ್ಲಿಯ ಕೆಲವು ಮನೆಗಳು. ಆ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ಅಜ್ಜಿ ಎತ್ತುತ್ತಿರಲಿಲ್ಲವಂತೆ. ಅಮ್ಮನಿಗೆ ಇದನ್ನು ಹೇಳಿದಾಗ, "ಮತ್ತೆ!" ಅಂದರು, ಗೆದ್ದವರ ಹಾಗೆ. ಅವರಿಗೆ 1998ರ 'ಮಾಯಾಮೃಗ'ದ ಕಾಲ ನೆನಪಾಯಿತು. ಟಿ.ಎನ್. ಸೀತಾರಾಂ ಧಾರಾವಾಹಿ ಹೊತ್ತಿಗೆ ಕರೆಂಟು ಹೋದರೆ ನಮ್ಮ ಬೀದಿಯ ಹೆಂಗಸರೆಲ್ಲ ಕೆಇಬಿಯವರಿಗೆ ಶಾಪ ಹಾಕುತ್ತಿದ್ದರು. ಅದೇ 2022ರಲ್ಲಿ ಸಿರಿಕನ್ನಡ ವಾಹಿನಿಯಲ್ಲಿ 'ಮತ್ತೆ ಮಾಯಾಮೃಗ' ಶುರುವಾಗುವುದಿತ್ತು. ಅಮ್ಮ ಅದನ್ನೇ ಕಾಯುತ್ತಿದ್ದರು.

ಮೊನ್ನೆ ರಿಪೇರಿಯವನು ಪ್ಯಾನೆಲ್ಲೇ ಹೋಗಿದೆ ಅಂದ. ಹೊಸದು ತಂದೆ, ಹಳೆಯದಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಗೋಡೆಗೆ ಹಾಕುವಾಗ ಅಮ್ಮನನ್ನು ಕೇಳಿದೆ, ಆವತ್ತು ಹೇಳಿದ್ದನ್ನು ಬರೀಲಾ ಅಂತ. "ಬರ್ಕೋ. ನನ್ನೇನು ಟಿವೀಲಿ ತೋರಿಸ್ತಾರಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಕ್ಕಂಗೆ ಹೇಳಿದ್ಯಾ?" ಅಂದರು. ಇಲ್ಲ ಅಂದೆ.

ಅಕ್ಕ ಇದನ್ನು ಓದುತ್ತಾಳೆ, ನನಗೆ ಗೊತ್ತು. ಕಾಮೆಂಟ್ ಹಾಕದಿದ್ದರೂ ಓದುತ್ತಾಳೆ. ಅಕ್ಕಾ, ಭಾವನಿಗೆ ಆ ರಶ್ಶಿನ ವಿಷಯ ನೀನೇ ಸರಿಮಾಡಿ ಹೇಳಿಬಿಡು, ನನ್ನ ಕೈಲಿ ಆಗಲ್ಲ. ಅಮ್ಮನಿಗೆ ಫೋನ್ ಮಾಡೋದಾದರೆ ನಮ್ಮ ಟೈಮು ರಾತ್ರಿ ಒಂಬತ್ತೂವರೆ ಮೇಲೆ ಮಾಡು. ಅದಕ್ಕೆ ಮುಂಚೆ ಎತ್ತಲ್ಲ.